ತೋಟದ ಮನೆಗೆ ಬರುವ ಬುರುಡೆ ಪತಂಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ, ಅದರಲ್ಲೂ ಸಕಲೇಶಪುರ, ಮೂಡಿಗೆರೆ, ಕೊಪ್ಪ ಮೊದಲಾದ ಕಾಫಿ ಸೀಮೆಯಲ್ಲಿ, ಬೆನ್ನ ಮೇಲೆ ತಲೆಬುರುಡೆಯಂಥ ಗುರುತಿರುವ ಭಾರಿ ಪತಂಗವನ್ನು ಕಂಡವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಹೆಚ್ಚಿನ ವಿವರಗಳು ಅಕೆರಾನ್ಷಿಯಾ ಲ್ಯಾಕೆಸಿಸ್ ಎಂಬ ದೊಡ್ಡ ಬುರುಡೆ ಪತಂಗಕ್ಕೆ ಸಂಬಂಧಿಸಿದವು. ಅದರ ಹತ್ತಿರದ ಬಂಧುವಾದ ಚಿಕ್ಕ ಬುರುಡೆ ಪತಂಗದ ವಿಷಯವೂ ಅಗತ್ಯವಿದ್ದಲ್ಲಿ ಬಂದಿದೆ.

ಜಗಲಿಯ ಗೋಡೆಯ ಮೇಲೆ ಅಂಗೈ ಅಗಲದ ಕಪ್ಪು ಪತಂಗ ಕೂತಿದೆ, ಬೆನ್ನ ಮೇಲೆ ಬುರುಡೆಯ ಚಿತ್ರವಿದೆ. ಇದು ಯಾವುದು?

ಇದು ಹಾಕ್‌ಮಾತ್ ಎಂದು ಕರೆಯಲಾಗುವ, ವಿಜ್ಞಾನಿಗಳು ಸ್ಫಿಂಜಿಡೇ ಎಂದು ಗುರುತಿಸುವ ಕುಟುಂಬಕ್ಕೆ ಸೇರಿದ ಪತಂಗ. ಈ ಕುಟುಂಬದ ಅಕೆರಾನ್ಷಿಯಾ ಎಂಬ ಕುಲದಲ್ಲಿ ಇಡೀ ಜಗತ್ತಿನಲ್ಲಿ ಇರುವುದು ಮೂರೇ ಪ್ರಭೇದಗಳು, ಮೂರಕ್ಕೂ ಬೆನ್ನ ಮೇಲೆ ಬುರುಡೆಯ ಗುರುತಿದೆ. ಅಟ್ರೊಪಾಸ್ ಯುರೋಪ್ ಮತ್ತು ಆಫ್ರಿಕಾ ಖಂಡಗಳದ್ದು. ನಮ್ಮಲ್ಲಿ ಸಿಗುವುದು ಉಳಿದ ಎರಡು: 1798ರಲ್ಲಿ ಫ್ಯಾಬ್ರೀಷಿಯಸ್ ಹೆಸರಿಟ್ಟ ಲ್ಯಾಕೆಸಿಸ್ ಮತ್ತು 1847ರಲ್ಲಿ ವೆಸ್ಟ್‌ವುಡ್ ಹೆಸರಿಟ್ಟ ಸ್ಟಿಕ್ಸ್. ಲ್ಯಾಕೆಸಿಸ್‌ನ ರೆಕ್ಕೆಗಳನ್ನು ಪೂರ್ತಿ ಬಿಡಿಸಿದರೆ ತುದಿಯಿಂದ ತುದಿಗೆ ಸುಮಾರು 10ರಿಂದ 13 ಸೆಂಟಿಮೀಟರ್ ಇರುತ್ತದೆ. ಸ್ಟಿಕ್ಸ್ ಸಾಮಾನ್ಯವಾಗಿ ಅದಕ್ಕಿಂತ ತುಸು ಚಿಕ್ಕದು.

ಇಷ್ಟು ದೊಡ್ಡದಾದ ಬೇರೆ ಪತಂಗಗಳೂ ಇವೆಯಲ್ಲ, ಹಾಕ್‌ಮಾತ್ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು?

ಮೈಯ ಆಕಾರವನ್ನು ಮೊದಲು ನೋಡಬೇಕು. ಹಾಕ್‌ಮಾತ್‌ನ ಮೈ ಎದೆಯ ಬಳಿ ದಪ್ಪವಾಗಿದ್ದು ಹಿಂದಕ್ಕೆ ಹೋದಂತೆ ಕದಿರಿನಂತೆ ಚೂಪಾಗುತ್ತದೆ. ಮುಂದಿನ ರೆಕ್ಕೆಗಳು ಉದ್ದವಾಗಿ, ಕಿರಿದಾಗಿ, ಮೈಯ ಎರಡೂ ಬದಿಗೆ ಮಾಡಿನಂತೆ ಇಳಿಬಿದ್ದಿರುತ್ತವೆ. ಅಟ್ಲಾಸ್ ಪತಂಗ ಮತ್ತು ಉದ್ದ ಬಾಲದ ಹಸಿರು ಚಂದ್ರ ಪತಂಗಗಳು ಇದಕ್ಕಿಂತ ಅಗಲವಾದರೂ ಅವುಗಳ ಮೈ ರೆಕ್ಕೆಯ ಅಳತೆಗೆ ಸಣ್ಣದು, ಮತ್ತು ಅವು ರೆಕ್ಕೆಗಳನ್ನು ಹರಡಿಕೊಂಡೇ ಕೂರುತ್ತವೆ. ಪ್ರೌಢಾವಸ್ಥೆಯಲ್ಲಿ ಅವುಗಳಿಗೆ ಉಣ್ಣುವ ಬಾಯಿಯೇ ಇರುವುದಿಲ್ಲ. ಬುರುಡೆ ಪತಂಗವಾದರೋ ಉಣ್ಣುವುದಕ್ಕಾಗಿ ಕಳ್ಳತನಕ್ಕೂ ಇಳಿಯುವ ಜೀವಿ, ಆ ವಿಷಯ ಮುಂದೆ ಬರುತ್ತದೆ.

ಹಾಕ್‌ಮಾತ್‌ಗಳ ಒಳಗೇ ಗೊಂದಲವಾಗುವುದೂ ಉಂಟು. ಹಸಿರು ಮತ್ತು ನಸುಗುಲಾಬಿ ಬಣ್ಣದ ಅಲೆಅಲೆಯಾದ ಚಿತ್ತಾರವಿದ್ದರೆ ಅದು ಕಣಗಿಲೆ ಹಾಕ್‌ಮಾತ್. ಅದರ ಹುಳು ಕಣಗಿಲೆ ಮತ್ತು ನಂದಿಬಟ್ಟಲಿನ ಎಲೆ ತಿಂದು ಬೆಳೆಯುತ್ತದೆ. ಬೂದು ಮೈಯ ಪತಂಗದ ಹೊಟ್ಟೆಯ ಎರಡು ಪಕ್ಕದಲ್ಲಿ ಗುಲಾಬಿ ಪಟ್ಟಿಗಳಿದ್ದರೆ ಅದು ಗೆಣಸಿನ ಬಳ್ಳಿಯ ಹಾಕ್‌ಮಾತ್. ಹಗಲಿನಲ್ಲೇ ಹೂಗಳ ಮುಂದೆ ಗಾಳಿಯಲ್ಲಿ ನಿಂತು ಮಕರಂದ ಹೀರುವ, ಗಾಜಿನಂತೆ ಪಾರದರ್ಶಕ ರೆಕ್ಕೆಯ ಚಿಕ್ಕ ಪತಂಗವೂ ಇದೇ ಕುಟುಂಬದ್ದು. ಅದರ ಹುಳು ಕಾಫಿ ಗಿಡದ ಎಲೆಯನ್ನೂ ತಿನ್ನುತ್ತದೆಯಾದ್ದರಿಂದ ತೋಟದವರಿಗೆ ಅದು ಹೊಸದಲ್ಲ.

ದೊಡ್ಡ ಬುರುಡೆ ಪತಂಗ ಮತ್ತು ಚಿಕ್ಕ ಬುರುಡೆ ಪತಂಗಗಳನ್ನು ಬೇರ್ಪಡಿಸುವುದು ಹೇಗೆ?

ಹೆಚ್ಚಿನವರು ಬುರುಡೆಯ ಚಿತ್ರವನ್ನೇ ಹತ್ತಿರದಿಂದ ತೆಗೆದು ಕಳುಹಿಸಿ ಪ್ರಭೇದ ಯಾವುದೆಂದು ಕೇಳುತ್ತಾರೆ. ಆದರೆ ಪ್ರಭೇದವನ್ನು ನಿರ್ಧರಿಸಲು ಅತಿ ಕಡಿಮೆ ನೆರವಾಗುವ ಭಾಗವೇ ಆ ಬುರುಡೆ. ಎರಡರಲ್ಲೂ ಅದು ಇದೆ, ಒಂದೇ ಪ್ರಭೇದದಲ್ಲಿಯೂ ಅದರ ಗಾಢತೆ ಬದಲಾಗುತ್ತದೆ, ಹಳೆಯ ಪತಂಗಗಳಲ್ಲಿ ಪುಡಿ ಉದುರಿ ಅರ್ಧ ಅಳಿಸಿಹೋಗಿರುವುದೂ ಉಂಟು. ನೋಡಬೇಕಾದದ್ದು ಕೂತಾಗ ಕಾಣದ ಎರಡು ಜಾಗಗಳನ್ನು.

ಮೊದಲನೆಯದು ಹಿಂದಿನ ರೆಕ್ಕೆಯ ಬುಡ. ಎರಡೂ ಪ್ರಭೇದಗಳಲ್ಲಿ ಹಿಂದಿನ ರೆಕ್ಕೆ ಹಳದಿಯಾಗಿದ್ದು, ಅದರ ಮೇಲೆ ಅಡ್ಡಲಾಗಿ ಕಪ್ಪು ಪಟ್ಟಿಗಳಿವೆ. ಲ್ಯಾಕೆಸಿಸ್‌ನಲ್ಲಿ ಈ ಪಟ್ಟಿಗಳಲ್ಲದೆ, ರೆಕ್ಕೆ ಮೈಗೆ ಸೇರುವಲ್ಲಿ ದೊಡ್ಡ ಕಪ್ಪು ಮಚ್ಚೆಯೊಂದು ಹರಡಿಕೊಂಡಿರುತ್ತದೆ. ಸ್ಟಿಕ್ಸ್‌ನಲ್ಲಿ ಆ ಜಾಗ ಹಳದಿಯಾಗಿಯೇ ಉಳಿದಿರುತ್ತದೆ. ಎರಡನೆಯದು ಹೊಟ್ಟೆಯ ಕೆಳಭಾಗ. ಲ್ಯಾಕೆಸಿಸ್‌ನ ಹೊಟ್ಟೆಯ ಅಡಿಯಲ್ಲಿ ಕಪ್ಪು ಪಟ್ಟಿಗಳು ಕಾಣುತ್ತವೆ, ಸ್ಟಿಕ್ಸ್‌ನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಇವೆರಡರ ಜೊತೆಗೆ ಒಟ್ಟು ನೋಟದಲ್ಲಿ ಲ್ಯಾಕೆಸಿಸ್ ಹೆಚ್ಚು ಕಪ್ಪಾಗಿ, ತೂಕವಾಗಿ ಕಾಣುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬಹುದು, ಆದರೆ ಕೇವಲ ಬಣ್ಣದ ಮೇಲೆ ತೀರ್ಮಾನಿಸುವುದು ಸರಿಯಲ್ಲ.

ಹಿಂದಿನ ರೆಕ್ಕೆಯನ್ನು ನೋಡಲು ಪತಂಗವನ್ನು ಹಿಡಿದು ಎಳೆಯಬೇಕಾಗಿಲ್ಲ. ಒಂದು ಒಣಕಡ್ಡಿಯಿಂದ ಪಕ್ಕಕ್ಕೆ ಮೆಲ್ಲಗೆ ಮುಟ್ಟಿದರೆ ಅದು ತಾನಾಗಿ ರೆಕ್ಕೆಗಳನ್ನು ಮೇಲೆತ್ತಿ, ಹಳದಿ ಕಪ್ಪು ಪಟ್ಟಿಯ ಹೊಟ್ಟೆಯನ್ನು ತೋರಿಸಿ ಹೆದರಿಸಲು ನೋಡುತ್ತದೆ. ಆ ಎರಡು ಕ್ಷಣದಲ್ಲಿ ಚಿತ್ರ ತೆಗೆದುಕೊಂಡರೆ ಸಾಕು. ಕಿಟಕಿಯ ಗಾಜಿನ ಹೊರಗೆ ಕೂತಿದ್ದರೆ ಇನ್ನೂ ಒಳ್ಳೆಯದು, ಒಳಗಿನಿಂದ ಹೊಟ್ಟೆಯ ಅಡಿ ಸ್ಪಷ್ಟವಾಗಿ ಸಿಗುತ್ತದೆ.

ಮಲೆನಾಡಿನಲ್ಲಿ ಕಂಡರೆ ಲ್ಯಾಕೆಸಿಸ್, ಬಯಲುಸೀಮೆಯಲ್ಲಿ ಕಂಡರೆ ಸ್ಟಿಕ್ಸ್ ಎಂದುಕೊಳ್ಳಬಹುದೇ?

ಬೇಡ. ಎರಡೂ ಬಲವಾಗಿ ಹಾರುವ ಪತಂಗಗಳು. ಯುರೋಪಿನ ಅಟ್ರೊಪಾಸ್ ಪತಂಗಗಳಿಗೆ ಪುಟ್ಟ ರೇಡಿಯೋ ಪಟ್ಟಿ ಅಂಟಿಸಿ ವಿಮಾನದಲ್ಲಿ ಹಿಂಬಾಲಿಸಿದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ರಾತ್ರಿಯಲ್ಲಿ ಸುಮಾರು 90 ಕಿಲೋಮೀಟರ್‌ವರೆಗೆ ಅವು ನೇರವಾದ ದಾರಿ ಹಿಡಿದು ಸಾಗಿದ್ದು ಕಂಡುಬಂದಿತ್ತು. ಅಂಥ ವಂಶದ ಕೀಟಕ್ಕೆ ಸಕಲೇಶಪುರಕ್ಕೂ ಅರಸೀಕೆರೆಗೂ ನಡುವಿನ ದೂರ ದೊಡ್ಡದಲ್ಲ. ಊರಿನ ಹೆಸರು ನೋಡಿ ಪ್ರಭೇದ ಹೇಳುವ ಬದಲು ರೆಕ್ಕೆಯ ಬುಡವನ್ನು ನೋಡುವುದೇ ಸರಿ.

ಇದು ಮನೆಯೊಳಗೆ ಬಂದರೆ ಅಪಶಕುನವೇ?

ಅಲ್ಲ. ಮನೆಯೊಳಗೆ ಬರುವುದಕ್ಕೆ ಕಾರಣ ದೀಪ. ಬುರುಡೆಯ ಗುರುತನ್ನು ಸಾವಿಗೆ ಗಂಟುಹಾಕಿದ ನಂಬಿಕೆ ಯುರೋಪಿನಲ್ಲಿ ಹಳೆಯದು, ಹೆಸರಿಟ್ಟ ವಿದ್ವಾಂಸರೂ ಗ್ರೀಕ್ ಪುರಾಣದ ಮೃತ್ಯುಲೋಕದ ನದಿಗಳನ್ನೂ ವಿಧಿದೇವತೆಗಳನ್ನೂ ಆಯ್ದುಕೊಂಡು ಆ ಭಯಕ್ಕೆ ಇನ್ನಷ್ಟು ಬಣ್ಣ ಕಟ್ಟಿದರು. ಎದೆಯ ಮೇಲಿನ ಹಳದಿ ಮತ್ತು ಕಪ್ಪು ಪುಡಿಯ ಜೋಡಣೆಯಲ್ಲಿ ಮನುಷ್ಯನ ಕಣ್ಣು ಮುಖವನ್ನು ಹುಡುಕಿಕೊಳ್ಳುತ್ತದೆ. ಮನುಷ್ಯನನ್ನು ಹೆದರಿಸುವ ಉದ್ದೇಶ ಆ ಪತಂಗಕ್ಕಿಲ್ಲ.

ಕಚ್ಚುತ್ತದೆಯೇ? ಮಕ್ಕಳು ಮುಟ್ಟಿದರೆ ವಿಷವಾಗುತ್ತದೆಯೇ?

ಇದಕ್ಕೆ ಕಚ್ಚುವ ಬಾಯಿಯಾಗಲಿ ಕುಟುಕುವ ಮುಳ್ಳಾಗಲಿ ಇಲ್ಲ. ಕೈಮೇಲೆ ಕೂತರೆ ಕಾಲಿನ ಕೊಕ್ಕೆಗಳು ತುಸು ಚುಚ್ಚಿದಂತಾಗುತ್ತವೆ, ಅಷ್ಟೆ. ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಉರಿಯಬಹುದಾದ್ದರಿಂದ ಮುಟ್ಟಿದ ಮೇಲೆ ಕೈ ತೊಳೆಯುವುದು ಒಳ್ಳೆಯದು. ಇದರ ಹುಳುವಿನ ಮೈ ನುಣುಪಾಗಿದ್ದು, ತುರಿಕೆ ತರುವ ರೋಮಗಳಿಲ್ಲ. ತೋಟದ ಕೆಲಸದವರಿಗೆ ಮೈ ಉರಿ ತರಿಸುವ ಮುಳ್ಳುಹುಳುಗಳು ಮತ್ತು ಕಂಬಳಿಹುಳುಗಳು ಬೇರೆಯೇ ಕುಟುಂಬದವು.

ಮುಟ್ಟಿದಾಗ ಇಲಿಮರಿಯಂತೆ ಕೀಚ್ ಎಂದಿತು. ಪತಂಗಗಳಿಗೆ ದನಿಯಿದೆಯೇ?

ಈ ಕುಲದ ಪತಂಗಗಳಿಗೆ ಇದೆ, ಮತ್ತು ಅದು ಹೊರಡುವ ರೀತಿ ಕೀಟಲೋಕದಲ್ಲಿ ಅಪರೂಪದ್ದು. ಮಿಡತೆ, ಚಿಮ್ಮಂಡೆಗಳು ಮೈಯ ಒಂದು ಭಾಗವನ್ನು ಇನ್ನೊಂದಕ್ಕೆ ಉಜ್ಜಿ ಸದ್ದು ಮಾಡುತ್ತವೆ. ಬುರುಡೆ ಪತಂಗ ಗಾಳಿಯಿಂದ ಸದ್ದು ಮಾಡುತ್ತದೆ. ಹೀರುಕೊಳವೆಯ ಮೂಲಕ ಗಂಟಲಿನ ಕೋಣೆಗೆ ಗಾಳಿಯನ್ನು ಎಳೆದುಕೊಳ್ಳುವಾಗ ಅಲ್ಲಿರುವ ಪುಟ್ಟ ಮುಚ್ಚಳದಂಥ ಭಾಗ ಪಟಪಟನೆ ಅದುರಿ ಒಂದು ಬಗೆಯ ಕರಕರ ಸದ್ದಾಗುತ್ತದೆ. ಅದೇ ಗಾಳಿಯನ್ನು ಹೊರಕ್ಕೆ ಒತ್ತಿದಾಗ ಸಿಳ್ಳಿನಂಥ ದನಿ ಬರುತ್ತದೆ. ಇವೆರಡೂ ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿದುಹೋಗುವುದರಿಂದ ನಮಗೆ ಒಂದೇ ಕೀಚಲು ದನಿಯಾಗಿ ಕೇಳಿಸುತ್ತದೆ. ಅಟ್ರೊಪಾಸ್ ಪತಂಗದ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕ್ರಿಯೆಯನ್ನು ವಿವರವಾಗಿ ದಾಖಲಿಸಿತು.

ಸದ್ದಿನ ಉದ್ದೇಶ ಹಿಡಿದವರನ್ನು ಬೆಚ್ಚಿಬೀಳಿಸಿ ಬಿಡಿಸಿಕೊಳ್ಳುವುದು. ರಾಣಿ ಜೇನಿನ ಕೂಗನ್ನು ಅನುಕರಿಸಿ ಗೂಡಿನ ನೊಣಗಳನ್ನು ಸುಮ್ಮನಾಗಿಸುತ್ತದೆ ಎಂಬ ಆಕರ್ಷಕ ವಾದವೊಂದು ಬಹಳ ಕಾಲದಿಂದ ಚಲಾವಣೆಯಲ್ಲಿದೆ, ಆದರೆ ಅದನ್ನು ಸಿದ್ಧಪಟ್ಟ ಸಂಗತಿಯೆಂದು ಹೇಳುವುದು ಅತಿಯಾಗುತ್ತದೆ. ಇದರ ಹುಳು ಕೂಡ ಕೆಣಕಿದರೆ ದವಡೆಗಳನ್ನು ತಾಕಿಸಿ ಟಿಕ್ ಟಿಕ್ ಎನ್ನುತ್ತದೆ. ಇನ್ನು ಕೇಳುವ ಮಾತಿಗೆ ಬಂದರೆ, ಈ ಗುಂಪಿನ ಹಾಕ್‌ಮಾತ್‌ಗಳು ಬಾವಲಿಗಳ ಅತಿಸೂಕ್ಷ್ಮ ದನಿಯನ್ನು ಬಾಯಿಯ ಬಳಿಯ ಅಂಗಗಳಿಂದ ಗ್ರಹಿಸುತ್ತವೆ ಎಂಬುದು 1990ರ ದಶಕದ ಕೊನೆಯಲ್ಲಿ ಸ್ಪಷ್ಟವಾಯಿತು.

ಜೇನುಪೆಟ್ಟಿಗೆಗೆ ನುಗ್ಗಿ ತುಪ್ಪ ಕದಿಯುತ್ತದೆ ಎನ್ನುತ್ತಾರೆ. ನಿಜವೇ?

ನಿಜ. ಇತರ ಹಾಕ್‌ಮಾತ್‌ಗಳಿಗೆ ಆಳವಾದ ಹೂಗಳಿಗೆ ಇಳಿಸಬಲ್ಲ ಉದ್ದನೆಯ, ತೆಳುವಾದ ಹೀರುಕೊಳವೆ ಇದೆ. ಗೆಣಸಿನ ಹಾಕ್‌ಮಾತ್‌ನಲ್ಲಂತೂ ಅದು ಮೈಗಿಂತಲೂ ಉದ್ದ. ಬುರುಡೆ ಪತಂಗದ ಹೀರುಕೊಳವೆ ಗಿಡ್ಡ, ದಪ್ಪ, ತುದಿ ಚೂಪು. ಹೂವಿಗೆ ಹೆಚ್ಚು ಉಪಯೋಗವಿಲ್ಲದ ಈ ಸಾಧನ ಮೇಣದ ಮುಚ್ಚಳ ಚುಚ್ಚಿ ತುಪ್ಪ ಹೀರುವುದಕ್ಕೆ, ಮರದಿಂದ ಸೋರುವ ರಸ ಕುಡಿಯುವುದಕ್ಕೆ ತಕ್ಕುದಾಗಿದೆ. ರಾತ್ರಿಯ ಹೊತ್ತು ಅದು ತುಡುವೆ ಜೇನಿನ ಪೆಟ್ಟಿಗೆಯ ಬಾಗಿಲಿನಿಂದ, ಅಥವಾ ಮರದ ಪೊಟರೆಯಲ್ಲಿರುವ ಗೂಡಿನ ಬಾಯಿಂದ, ನೇರವಾಗಿ ಒಳಗೆ ನಡೆದುಹೋಗುತ್ತದೆ.

ಕಾವಲಿನ ನೊಣಗಳು ಬಿಡುವುದಾದರೂ ಹೇಗೆ ಎಂಬುದು ಸಹಜವಾದ ಮರುಪ್ರಶ್ನೆ. ಗೂಡಿನ ಕತ್ತಲೆಯಲ್ಲಿ ನೊಣಗಳು ತಮ್ಮವರನ್ನು ಗುರುತಿಸುವುದು ವಾಸನೆಯಿಂದ. ಅಟ್ರೊಪಾಸ್ ಪತಂಗದ ಮೈಯಲ್ಲಿ ಪಾಲ್ಮಿಟೋಲಿಕ್, ಪಾಲ್ಮಿಟಿಕ್, ಸ್ಟಿಯರಿಕ್ ಮತ್ತು ಓಲಿಯಿಕ್ ಎಂಬ ನಾಲ್ಕು ಕೊಬ್ಬಿನಾಮ್ಲಗಳಿದ್ದು, ಅವು ಜೇನುನೊಣದ ಮೈಯಲ್ಲಿರುವಂಥವೇ ಎಂದು 1991ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಂದರೆ ಕಳ್ಳ ಮನೆಯವರದೇ ವಾಸನೆ ಹೊತ್ತು ಬರುತ್ತಾನೆ. ಅದರ ಮೇಲೆ ದಪ್ಪ ಚರ್ಮ, ಒತ್ತಾದ ರೋಮಗಳ ರಕ್ಷಣೆಯೂ ಇದೆ. ಆದರೂ ಪ್ರತಿ ಸಲ ಗೆಲ್ಲುವುದಿಲ್ಲ. ಒಳಗೇ ಸತ್ತ ಪತಂಗಗಳು ಪೆಟ್ಟಿಗೆ ಶುಚಿ ಮಾಡುವಾಗ ಸಿಗುವುದುಂಟು. ಯುರೋಪಿನ ಮೆಲ್ಲಿಫೆರಾ ಜೇನು ಅಂಥ ಹೆಣವನ್ನು ಮರದ ಅಂಟಿನಿಂದ ಮುಚ್ಚಿಬಿಡುತ್ತದೆ. ನಮ್ಮ ತುಡುವೆಗೆ ಅಂಟು ಸಂಗ್ರಹಿಸುವ ರೂಢಿಯಿಲ್ಲದ ಕಾರಣ ಅದು ಅಡಿಹಲಗೆಯ ಮೇಲೆ ಹಾಗೆಯೇ ಬಿದ್ದಿರುತ್ತದೆ.

ಪತಂಗವೊಂದು ಕುಡಿಯುವ ತುಪ್ಪದಿಂದ ಬಲವಾದ ಕುಟುಂಬಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ದುರ್ಬಲ ಕುಟುಂಬಕ್ಕೆ ಮಾತ್ರ, ಪದೇ ಪದೇ ತೊಂದರೆಯಾದರೆ ಎದ್ದುಹೋಗುವ ತುಡುವೆಯ ಸ್ವಭಾವವನ್ನು ನೆನಪಿಟ್ಟುಕೊಂಡು, ಬಾಗಿಲನ್ನು ಕಿರಿದು ಮಾಡುವುದು ಒಳ್ಳೆಯದು. ಬಾಗಿಲಿನ ಎತ್ತರ ಒಂದು ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ನೊಣಗಳು ಸರಾಗವಾಗಿ ಓಡಾಡುತ್ತವೆ, ಪತಂಗದ ದಪ್ಪ ಎದೆ ಒಳಗೆ ಹೋಗದು. ಪೆಟ್ಟಿಗೆಯ ಹತ್ತಿರ ರಾತ್ರಿಯಿಡೀ ದೀಪ ಉರಿಯುತ್ತಿದ್ದರೆ ಅದನ್ನು ಬೇರೆಡೆಗೆ ಸರಿಸಬೇಕು.

ಎರಿಗಳಲ್ಲಿ ಬಲೆ ಕಟ್ಟಿ ಮೇಣ ತಿನ್ನುವ ಹುಳು ಇದರದ್ದೇ?

ಅಲ್ಲ. ಅದು ಮೇಣದ ಪತಂಗ ಎಂಬ ಬೇರೆಯೇ ಕುಟುಂಬದ ಚಿಕ್ಕ ಬೂದು ಪತಂಗದ ಹುಳು. ಜೇನು ಸಾಕುವವರಿಗೆ ನಿಜವಾದ ನಷ್ಟ ಮಾಡುವುದು ಅದೇ. ಬುರುಡೆ ಪತಂಗ ಗೂಡಿನಲ್ಲಿ ಮೊಟ್ಟೆಯಿಡುವುದಿಲ್ಲ.

ಹುಳುವನ್ನು ಗುರುತಿಸುವುದು ಹೇಗೆ, ಯಾವ ಗಿಡಗಳಲ್ಲಿ ಹುಡುಕಬೇಕು?

ಪೂರ್ತಿ ಬೆಳೆದ ಹುಳು ಗಂಡಸಿನ ಬೆರಳಿಗಿಂತ ದಪ್ಪವಾಗಿ, 12 ಸೆಂಟಿಮೀಟರ್ ಆಸುಪಾಸಿನ ಉದ್ದಕ್ಕೆ ಬರುತ್ತದೆ. ಬಣ್ಣ ಹಸಿರು, ಹಳದಿ ಅಥವಾ ಕಂದು ಬೂದು, ಮೂರರಲ್ಲಿ ಯಾವುದೂ ಇರಬಹುದು. ಹಸಿರು ಮತ್ತು ಹಳದಿ ಹುಳುಗಳ ಪಕ್ಕದಲ್ಲಿ ಓರೆಯಾದ ಪಟ್ಟೆಗಳು ಎದ್ದು ಕಾಣುತ್ತವೆ. ಹಾಕ್‌ಮಾತ್‌ಗಳ ಹುಳುಗಳಿಗೆಲ್ಲ ಸಾಮಾನ್ಯವಾಗಿ ಹಿಂಭಾಗದಲ್ಲಿ ಒಂದು ಕೊಂಬಿರುತ್ತದೆ. ಬುರುಡೆ ಪತಂಗದ ಹುಳುವಿನ ಕೊಂಬು ಸಣ್ಣ ಗುಳ್ಳೆಗಳಿಂದ ಒರಟಾಗಿದ್ದು, ಕೆಳಕ್ಕೆ ಬಾಗಿ ತುದಿಯಲ್ಲಿ ಮತ್ತೆ ಮೇಲಕ್ಕೆ ಸುರುಳಿಯಾಗುತ್ತದೆ. ನೋಡಲು ಭಯ ಹುಟ್ಟಿಸಿದರೂ ಆ ಕೊಂಬು ಮೆತ್ತಗಿನದು, ಚುಚ್ಚುವುದಿಲ್ಲ.

ಆಲೂಗಡ್ಡೆ, ಬದನೆ, ಹೊಗೆಸೊಪ್ಪು, ದತ್ತೂರಿಗಳಿರುವ ಕುಟುಂಬ ಇದಕ್ಕೆ ಅಚ್ಚುಮೆಚ್ಚು. ಎಳ್ಳು, ತೇಗ, ನೀರುಕಾಯಿ ಮರಗಳ ಮೇಲೂ ಬೆಳೆಯುತ್ತದೆ. ಕಾಫಿ ತೋಟದ ನೆರಳಿಗೆ ಬೆಳೆಸುವ ಹಾಲುವಾಣದ ಬಳಗದ ಮರಗಳೂ ಇದರ ಆಹಾರದ ಪಟ್ಟಿಯಲ್ಲಿವೆ. ತೋಟದ ಬೇಲಿಯನ್ನೆಲ್ಲ ಆಕ್ರಮಿಸಿರುವ ಲಂಟಾನವನ್ನು ಕೂಡ ತಿನ್ನುತ್ತದೆ ಎಂಬುದನ್ನು ಅದರ ಪರವಾಗಿ ಹೇಳಬಹುದು, ಆದರೆ ಲಂಟಾನವನ್ನು ಹತೋಟಿಗೆ ತರುವಷ್ಟು ಸಂಖ್ಯೆ ಅದಕ್ಕಿಲ್ಲ. ಭಾರತದ ಹಾಕ್‌ಮಾತ್‌ಗಳ ಹುಳುಗಳ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಕಾರವಾರದ ಕಡೆ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಅವರದು. ಅವರು ಹುಳುಗಳನ್ನು ಹುಡುಕಿ, ಸಾಕಿ, ಬರೆದಿಟ್ಟ ವಿವರಗಳು 1937ರಲ್ಲಿ ಮುದ್ರಣವಾದವು. ಪಶ್ಚಿಮಘಟ್ಟದ ಹುಳುಗಳ ಮಟ್ಟಿಗೆ ಇಂದಿಗೂ ಅವು ಉಪಯುಕ್ತ.

ಆಲೂಗಡ್ಡೆ ಹೊಲದಲ್ಲಿ ಕಂಡರೆ ಔಷಧಿ ಹೊಡೆಯಬೇಕೇ?

ಸಾಮಾನ್ಯವಾಗಿ ಬೇಡ. ತಾಯಿ ಪತಂಗ ಮೊಟ್ಟೆಗಳನ್ನು ಗುಂಪಾಗಿ ಇಡದೆ ಒಂದೊಂದಾಗಿ ಎಲೆಯ ಅಡಿಯಲ್ಲಿ ಇಡುವುದರಿಂದ ಹುಳುಗಳು ಅಲ್ಲಲ್ಲಿ ಒಂದೊಂದು ಇರುತ್ತವೆ. ಒಂದು ಹುಳು ಒಂದು ಗಿಡವನ್ನು ಬೋಳಿಸಬಲ್ಲದು ಎಂಬುದು ನಿಜ. ಆದರೆ ಹೊಲಕ್ಕೆ ಹೊಲವನ್ನೇ ತಿನ್ನುವ ಕೀಟ ಇದಲ್ಲ. ಹಾಸನದ ಆಲೂಗಡ್ಡೆಯನ್ನು ಹಾಳುಗೆಡವಿ ಬೆಳೆಯುವ ಪ್ರದೇಶವನ್ನೇ ಕುಗ್ಗಿಸಿದ ಶತ್ರು ಅಂಗಮಾರಿ ರೋಗ, ಅದರ ಮುಂದೆ ಈ ಹುಳುವಿನ ಹಾವಳಿ ಲೆಕ್ಕಕ್ಕಿಲ್ಲ. ಎಲೆ ಖಾಲಿಯಾದ ಗಿಡದ ಬುಡದಲ್ಲಿ ಮೆಣಸಿನ ಕಾಳಿಗಿಂತ ದೊಡ್ಡ, ಗೆರೆ ಬಿದ್ದ ಹಿಕ್ಕೆಗಳು ಕಂಡರೆ ಅದರ ನೇರ ಮೇಲೆ ಹುಳು ಇರುತ್ತದೆ. ಕೈಯಿಂದ ತೆಗೆದು ಬೇಲಿಯ ಲಂಟಾನಕ್ಕೆ ಬಿಟ್ಟರೆ ಕೆಲಸ ಮುಗಿಯಿತು.

ಸಿಂಪಡಿಸಿದರೆ ಆಗುವ ನಷ್ಟವನ್ನೂ ಲೆಕ್ಕ ಹಾಕಬೇಕು. ಮೊಟ್ಟೆಯೊಳಗೇ ಬೆಳೆದು ಅದನ್ನು ನಾಶಮಾಡುವ ಟ್ರೈಕೋಗ್ರಾಮ ಎಂಬ ಅತಿ ಸಣ್ಣ ಕಣಜಗಳು, ಹುಳುವಿನ ಮೈಯೊಳಗೆ ಬೆಳೆಯುವ ಟ್ಯಾಕಿನಿಡ್ ನೊಣಗಳು, ಇವೆಲ್ಲ ಪುಕ್ಕಟೆಯಾಗಿ ಮಾಡುತ್ತಿರುವ ಕೆಲಸವನ್ನು ಔಷಧಿ ನಿಲ್ಲಿಸುತ್ತದೆ. ಬಯಲುಸೀಮೆಯ ಎಳ್ಳಿನ ಹೊಲದಲ್ಲಿ ಹುಳುಗಳ ಸಂಖ್ಯೆ ಅಸಾಧಾರಣವಾಗಿ ಹೆಚ್ಚಿದೆ ಎನಿಸಿದರೆ, ಅಂಗಡಿಯವರ ಸಲಹೆಗಿಂತ ಮೊದಲು ಕಂದಲಿ ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದೆರಡು ಹುಳುಗಳನ್ನು ಒಯ್ದು ತೋರಿಸುವುದು ಒಳ್ಳೆಯದು.

ಆಲೂಗಡ್ಡೆ ಕೀಳುವಾಗ ಮಣ್ಣಿನಲ್ಲಿ ಹೊಳೆಯುವ ಕಂದು ಬಣ್ಣದ, ಹೆಬ್ಬೆರಳಿನಷ್ಟು ದಪ್ಪದ ವಸ್ತು ಸಿಕ್ಕಿತು. ಮುಟ್ಟಿದರೆ ತುದಿ ಅಲುಗುತ್ತದೆ. ಇದೇನು?

ಅದು ಹಾಕ್‌ಮಾತ್‌ನ ಕೋಶ. ಬೆಳೆದ ಹುಳು ತಿನ್ನುವುದನ್ನು ನಿಲ್ಲಿಸಿ, ಗಿಡದಿಂದ ಇಳಿದು, ಮಣ್ಣಿನಲ್ಲಿ ಪುಟ್ಟ ಕೋಣೆ ಮಾಡಿಕೊಂಡು ಅದರೊಳಗೆ ಕೋಶವಾಗುತ್ತದೆ. ರೇಷ್ಮೆಗೂಡಿನಂಥ ಹೊದಿಕೆ ಇರುವುದಿಲ್ಲ. ಬುರುಡೆ ಪತಂಗದ ಕೋಶ ಸುಮಾರು 6 ಸೆಂಟಿಮೀಟರ್ ಉದ್ದವಿದ್ದು ನುಣುಪಾಗಿರುತ್ತದೆ. ತಲೆಯ ಕಡೆಯಿಂದ ಹೂಜಿಯ ಹಿಡಿಯಂತೆ ಬಾಗಿದ ಕೊಳವೆ ಹೊರಚಾಚಿದ್ದರೆ ಅದು ಗೆಣಸಿನ ಹಾಕ್‌ಮಾತ್‌ನದು, ಆ ಹಿಡಿಯೊಳಗೆ ಅದರ ಉದ್ದನೆಯ ಹೀರುಕೊಳವೆ ರೂಪುಗೊಳ್ಳುತ್ತಿರುತ್ತದೆ. ಬೇರು ತಿನ್ನುವ ಬಿಳಿಯ ಗೊಣ್ಣೆಹುಳುವಿಗೂ ಇದಕ್ಕೂ ಸಂಬಂಧವಿಲ್ಲ, ಗೆಡ್ಡೆಗೆ ಇದರಿಂದ ಯಾವ ಹಾನಿಯೂ ಆಗದು. ನೇಗಿಲು ತಾಗದ ಕಡೆ ಸಡಿಲ ಮಣ್ಣಿನಲ್ಲಿ ಮುಚ್ಚಿಟ್ಟರೆ ಸಾಕು.

ಹಾರುವ ಮೊದಲು ಬಹಳ ಹೊತ್ತು ನಡುಗುತ್ತಿತ್ತು. ಸಾಯುತ್ತಿದೆಯೇ?

ಇಲ್ಲ, ಮೈ ಬಿಸಿ ಮಾಡಿಕೊಳ್ಳುತ್ತಿದೆ. ಇಷ್ಟು ತೂಕದ ಮೈಯನ್ನು ಎತ್ತಬೇಕಾದರೆ ಎದೆಯ ಸ್ನಾಯುಗಳು ಸುತ್ತಲಿನ ಗಾಳಿಗಿಂತ ಬಹಳ ಬೆಚ್ಚಗಿರಬೇಕು, ಹಾರುವ ಹಾಕ್‌ಮಾತ್‌ಗಳ ಎದೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ನ ಹತ್ತಿರಕ್ಕೆ ಹೋಗುತ್ತದೆ. ಆಷಾಢದ ಚಳಿಗಾಳಿಯ ರಾತ್ರಿಗಳಲ್ಲಿ ಈ ನಡುಕ ಸಹಜವಾಗಿ ಹೆಚ್ಚು ಹೊತ್ತು ಹಿಡಿಯುತ್ತದೆ.

ಬೆಳಿಗ್ಗೆಯೂ ದೀಪದ ಕೆಳಗೇ ಕೂತಿದೆ. ಏನು ಮಾಡಬೇಕು?

ಕಾಗೆ, ಬೆಕ್ಕುಗಳ ಕಣ್ಣಿಗೆ ಬೀಳುವಂತಿದ್ದರೆ ಒಂದು ಕಡ್ಡಿಗೆ ಹತ್ತಿಸಿಕೊಂಡು ನೆರಳಿನ ಮರದ ಕಾಂಡಕ್ಕೆ ಬಿಡಬೇಕು. ಕತ್ತಲಾದ ಮೇಲೆ ತಾನಾಗಿ ಹೋಗುತ್ತದೆ. ಸಕ್ಕರೆ ನೀರು ಕುಡಿಸುವ ಅಗತ್ಯವಿಲ್ಲ. ಇಂಥ ಪತಂಗಗಳು ಪದೇ ಪದೇ ಬರುವ ಮನೆಗಳಲ್ಲಿ ಬೆಳ್ಳನೆಯ ದೀಪದ ಬದಲು ಹಳದಿ ಬಣ್ಣದ ಬಲ್ಬು ಹಾಕಿದರೆ ಕೀಟಗಳ ಮುತ್ತಿಗೆ ಎದ್ದು ಕಾಣುವಷ್ಟು ತಗ್ಗುತ್ತದೆ.

ಕಂಡದ್ದನ್ನು ದಾಖಲಿಸುವುದು ಹೇಗೆ?

ಐನ್ಯಾಚುರಲಿಸ್ಟ್ ಅಥವಾ ಮಾತ್ಸ್ ಆಫ್ ಇಂಡಿಯಾ ಜಾಲತಾಣಗಳಲ್ಲಿ ಚಿತ್ರ, ದಿನಾಂಕ ಮತ್ತು ಸ್ಥಳವನ್ನು ಸೇರಿಸಬಹುದು. ಮೇಲಿನಿಂದ ಒಂದು, ರೆಕ್ಕೆ ಎತ್ತಿದಾಗ ಒಂದು, ಹೊಟ್ಟೆಯ ಅಡಿಯಿಂದ ಒಂದು, ಹೀಗೆ ಮೂರು ಚಿತ್ರಗಳಿದ್ದು, ಅಳತೆಗೆಂದು ಪಕ್ಕದಲ್ಲಿ ಒಂದು ನಾಣ್ಯವಿದ್ದರೆ ಗುರುತಿಸುವವರಿಗೆ ಸಂಶಯ ಉಳಿಯುವುದಿಲ್ಲ. ಹುಳು ಕಂಡರೆ ಅದು ತಿನ್ನುತ್ತಿದ್ದ ಗಿಡದ ಎಲೆಯನ್ನೂ ಚಿತ್ರದಲ್ಲಿ ಸೇರಿಸಬೇಕು, ಏಕೆಂದರೆ ಯಾವ ಊರಿನಲ್ಲಿ ಯಾವ ಗಿಡದ ಮೇಲೆ ಬೆಳೆಯುತ್ತದೆ ಎಂಬ ಮಾಹಿತಿಗೆ ಪತಂಗದ ಚಿತ್ರಕ್ಕಿಂತ ಹೆಚ್ಚಿನ ಬೆಲೆಯಿದೆ. ಭದ್ರಾ, ಕುದುರೆಮುಖದಂಥ ಸಂರಕ್ಷಿತ ಕಾಡುಗಳ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಪತಂಗವನ್ನಾಗಲಿ ಹುಳುವನ್ನಾಗಲಿ ಹಿಡಿದು ತರುವಂತಿಲ್ಲ. ಅಲ್ಲಿ ಚಿತ್ರ ತೆಗೆಯುವುದಕ್ಕಷ್ಟೇ ನಿಲ್ಲಿಸಬೇಕು.